ಹಡಗು ಹತ್ತಿದ ದಿನದ ಊಟ

ಲೇಕ್‌ಲ್ಯಾಂಡ್, ಫ್ಲಾರಿಡಾ
3 ಫೆಬ್ರವರಿ 1996

ಮಾನ್ಯರೇ,

ನಿಮ್ಮ ಹೆಸರು ನನಗೆ ಗೊತ್ತಿಲ್ಲ. ಹಾಗಾಗಿ ಲಕೋಟೆಯ ಮೇಲೆ ‘ಸ್ಟೆಲ್ಲಾ ಕಾರ್ಮೆನ್ ಹಡಗು, ಜನವರಿ 13ರ ಮಧ್ಯಾಹ್ನ ಹದಿನಾಲ್ಕನೆಯ ಮೇಜಿಗೆ ಬಡಿಸಿದ ವೇಟರ್‌ಗೆ’ ಎಂದಷ್ಟೇ ಬರೆದಿದ್ದೇನೆ. ನಿಮ್ಮ ಹಡಗು ಶನಿವಾರ ಶನಿವಾರ ಮಯಾಮಿಗೆ ಬಂದಾಗ ಬಂದರಿನ ಏಜೆಂಟರು ಸಿಬ್ಬಂದಿಯ ಟಪಾಲು ಒಳಗೆ ಕೊಡುತ್ತಾರಂತೆ. ಇದು ನಿಮ್ಮ ಕೈಗೆ ಸಿಗುತ್ತದೆ ಎಂದು ನಂಬಿದ್ದೇನೆ.

ಆ ಮೇಜಿನಲ್ಲಿ ತೀರಿಕೊಂಡ ಆರ್ವಿಲ್ ಪ್ರೂಯಿಟ್ ನನ್ನ ತಂದೆ. ಎಪ್ಪತ್ತಾರು ವರ್ಷ. ಡೆಲ್ರೇಯ ಕಾಲುವೆ ಮೇಲಿನ ಸೇತುವೆಯನ್ನು ಹಡಗುಗಳಿಗಾಗಿ ಎತ್ತಿ ಇಳಿಸುವ ಕೆಲಸದಲ್ಲಿ ಮೂವತ್ತೊಂದು ವರ್ಷ ಇದ್ದವರು. ಸ್ವತಃ ಹಡಗು ಹತ್ತಿದ್ದು ಅದೇ ಮೊದಲು. ಕೆಲಸದ ಒತ್ತಡದಿಂದ ನನಗೆ ಅವರ ಜೊತೆ ಬರಲಾಗಲಿಲ್ಲ.

ಹಡಗಿನವರು ಒಂದು ಹಾಳೆಯ ವರದಿ ಕಳಿಸಿದ್ದಾರೆ. ‘12.30ಕ್ಕೆ ಊಟಕ್ಕೆ ಕೂತರು. 2 ಗಂಟೆಗೆ ಅಸ್ವಸ್ಥರಾದರು. 2.04ಕ್ಕೆ ವೈದ್ಯರು ಬಂದರು. ಹೃದಯ ನಿಂತಿತ್ತು.’ ಇಷ್ಟೇ. ಹಡಗು ಅಂದು ಸಂಜೆ ಐದಕ್ಕೆ ಹೇಳಿದ ಹೊತ್ತಿಗೇ ಹೊರಟಿತಂತೆ, ಅದನ್ನೂ ಬರೆದಿದ್ದಾರೆ.

ನಾನು ಕೇಳುವುದು ದೊಡ್ಡದೇನಲ್ಲ. ಅವರು ಏನು ತಿಂದರು? ಏನಾದರೂ ಮಾತಾಡಿದರೇ? ಕೊನೆಗೆ ಅವರನ್ನು ನೋಡಿದವರು ನೀವೊಬ್ಬರೇ.

ಎಲ್. ಪ್ರೂಯಿಟ್


ಸ್ಟೆಲ್ಲಾ ಕಾರ್ಮೆನ್, ಮಯಾಮಿ
17 ಫೆಬ್ರವರಿ 1996

ಗೌರವಾನ್ವಿತ ಮಿಸ್ ಪ್ರೂಯಿಟ್ ಅವರಿಗೆ,

ನಿಮ್ಮ ಪತ್ರ ಹೋದ ಶನಿವಾರವೇ ಬಂತು. ಉತ್ತರ ಬರೆಯಲು ಒಂದು ವಾರ ಬೇಕಾಯಿತು, ಕ್ಷಮಿಸಿ. ನನ್ನ ಹೆಸರು ರೊಮುಲೊ ಪಾಲ್ಮಾರೆಸ್. ಊರು ಫಿಲಿಪ್ಪೀನ್ಸಿನ ಇಲೋಯಿಲೋ ಕಡೆಯ ಗಿಂಬಾಲ್. ಹಡಗಿನ ಊಟದ ಹಾಲ್‌ನಲ್ಲಿ ಒಂಬತ್ತು ವರ್ಷದಿಂದ ಇದ್ದೇನೆ.

ನಿಮ್ಮ ತಂದೆಯವರು ಬಹಳ ಸಂತೋಷವಾಗಿದ್ದರು, ಮೇಡಂ. ಹತ್ತಿದ ದಿನ ಎಲ್ಲರೂ ಬ್ಯಾಗನ್ನು ಹೆಗಲಿನಿಂದ ಇಳಿಸದೆಯೇ ಮೇಲಿನ ಅಂತಸ್ತಿಗೆ ಓಡುತ್ತಾರೆ. ಅಲ್ಲಿ ತಟ್ಟೆ ಹಿಡಿದು ಸಾಲು, ನೂಕುನುಗ್ಗಲು, ಕೂರಲು ಜಾಗವಿಲ್ಲ. ಕೆಳಗೆ ಊಟದ ಹಾಲ್ ತೆರೆದಿರುತ್ತದೆ, ಬಿಳಿ ಬಟ್ಟೆ ಹಾಸಿದ ಮೇಜುಗಳಿರುತ್ತವೆ, ಕೂತಲ್ಲಿಗೇ ಬಡಿಸುತ್ತಾರೆ ಎನ್ನುವುದು ಬಹಳ ಜನಕ್ಕೆ ತಿಳಿದೇ ಇರುವುದಿಲ್ಲ. ನಿಮ್ಮ ತಂದೆಗೆ ತಿಳಿದಿತ್ತು. ಬಂದವರೇ ಹಾಲನ್ನೆಲ್ಲ ಒಮ್ಮೆ ನೋಡಿ, ‘ಚೆನ್ನಾಗಿಟ್ಟಿದ್ದೀರಪ್ಪ’ ಎಂದರು.

ಟೊಮೇಟೊ ಸೂಪು ತೆಗೆದುಕೊಂಡರು. ಆಮೇಲೆ ಹುರಿದ ಕೋಳಿ, ಬೆಣ್ಣೆ ಹಾಕಿದ ಬೀನ್ಸು. ಕೊನೆಗೆ ನಿಂಬೆಯ ಕೇಕು. ಎಲ್ಲ ಚೆನ್ನಾಗಿ ತಿಂದರು. ಸೇತುವೆಯ ಕೆಲಸದ ಬಗ್ಗೆ ಎರಡು ಮಾತಾಡಿದರು, ನಕ್ಕರು. ನಾನು ಅಡುಗೆಮನೆಗೆ ಹೋಗಿ ಬರುವಷ್ಟರಲ್ಲಿ ಮುಗಿದಿತ್ತು. ಒಂದು ಗಳಿಗೆಯ ನೋವೂ ಇರಲಿಲ್ಲ ಎಂದು ಡಾಕ್ಟರು ಹೇಳಿದ್ದನ್ನು ನಾನೇ ಕೇಳಿಸಿಕೊಂಡೆ.

ಅವರ ಆತ್ಮಕ್ಕಾಗಿ ಪ್ರಾರ್ಥಿಸುತ್ತಿದ್ದೇನೆ. ಇದಕ್ಕಿಂತ ಹೆಚ್ಚು ಹೇಳುವಂಥದ್ದು ಏನೂ ಇಲ್ಲ.

ನಿಮ್ಮ ವಿಧೇಯ,
ರೊಮುಲೊ ಪಾಲ್ಮಾರೆಸ್


ಲೇಕ್‌ಲ್ಯಾಂಡ್
24 ಫೆಬ್ರವರಿ 1996

ಶ್ರೀ ಪಾಲ್ಮಾರೆಸ್,

ನಾನು ಹಲ್ಲಿನ ಸೆಟ್ಟು ಮಾಡುವ ಲ್ಯಾಬಿನಲ್ಲಿ ಇಪ್ಪತ್ತು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ನಮ್ಮಪ್ಪನ ಮೇಲಿನ ಸಾಲಿನ ಹಲ್ಲು ನಾನೇ ಮಾಡಿದ್ದು. ಅವರಿಗೆ ಅದು ಯಾವತ್ತೂ ಒಗ್ಗಲಿಲ್ಲ. ತಟ್ಟೆ ಮುಂದೆ ಬಂದ ಮೇಲೆ ಹಾಕಿಕೊಳ್ಳೋರು, ಕೊನೆಯ ತುತ್ತು ಇಳಿದ ತಕ್ಷಣ ತೆಗೆದು ಬರೀ ಒರೆಸಿ ಕರವಸ್ತ್ರದಲ್ಲಿ ಸುತ್ತೋರು.

ಹಡಗಿನವರು ಕೊಟ್ಟ ಪ್ಲಾಸ್ಟಿಕ್ ಚೀಲದಲ್ಲಿ ಅವರ ಗಡಿಯಾರ, ಕನ್ನಡಕ, ಕ್ಯಾಬಿನ್ನಿನ ಕೀಲಿ ಇತ್ತು. ಅಂಗಿಯ ಜೇಬಿನಲ್ಲಿದ್ದದ್ದು ಎಂದು ಬರೆದು ಕರವಸ್ತ್ರದಲ್ಲಿ ಸುತ್ತಿದ್ದ ಹಲ್ಲನ್ನೂ ಇಟ್ಟಿದ್ದರು. ಕರವಸ್ತ್ರ ಮಡಚಿದ ಇಸ್ತ್ರಿ ಹಾಗೇ ಇದೆ. ಹಲ್ಲಿನಲ್ಲಿ ಒಂದು ಕಣ ಆಹಾರವಿಲ್ಲ. ಇದು ನನ್ನ ಕಸುಬು, ನನಗೆ ಗೊತ್ತಾಗುತ್ತದೆ. ಆ ಹಲ್ಲು ಅಂದು ಬಾಯಿಗೆ ಹೋಗಿಯೇ ಇಲ್ಲ.

ಹಾಗಾದರೆ ಹುರಿದ ಕೋಳಿಯನ್ನು ಒಸಡಿನಲ್ಲಿ ಅಗಿದರೇ, ಶ್ರೀ ಪಾಲ್ಮಾರೆಸ್?

ಅವರಿಗೆ ಸಕ್ಕರೆ ಕಾಯಿಲೆ ಇತ್ತು. ಹೊತ್ತಿಗೆ ಸರಿಯಾಗಿ ತಿನ್ನದಿದ್ದರೆ ಕೈ ನಡುಗುತ್ತಿತ್ತು. ಹನ್ನೆರಡೂವರೆಯಿಂದ ಎರಡರವರೆಗೆ ಒಂದೂವರೆ ಗಂಟೆ ಅವರು ಅಲ್ಲಿ ಕೂತಿದ್ದಾರೆ. ನನಗೆ ಕಾಣುವುದು ಇಷ್ಟು: ಒಂಟಿ ಮುದುಕ, ಮೂಲೆಯ ಮೇಜು, ಇವನಿಂದ ಏನು ಸಿಕ್ಕೀತು ಎಂದು ನೀವು ಆ ಕಡೆ ತಿರುಗಿಯೂ ನೋಡಲಿಲ್ಲ. ಹಸಿದು ಕೂತ ಮನುಷ್ಯ ಕೂತಲ್ಲೇ ಹೋದರು. ಈಗ ಸೂಪು, ಬೀನ್ಸು, ನಿಂಬೆಯ ಕೇಕು ಎಂದು ನನಗೆ ಕಥೆ ಬಡಿಸುತ್ತಿದ್ದೀರಿ.

ನಿಮ್ಮ ಕಂಪನಿಗೆ ನಿನ್ನೆ ಬರೆದಿದ್ದೇನೆ. ನಿಮ್ಮ ಪತ್ರದ ನಕಲನ್ನೂ ಇಟ್ಟಿದ್ದೇನೆ. ನನ್ನ ಅಣ್ಣ ಡ್ವೇನ್ ವಕೀಲರನ್ನು ನೋಡಿ ಬಂದಿದ್ದಾನೆ.

ಎಲ್. ಪ್ರೂಯಿಟ್


ಸ್ಟೆಲ್ಲಾ ಕಾರ್ಮೆನ್
9 ಮಾರ್ಚ್ 1996

ಮಿಸ್ ಲೆನೋರ್,

ನಿಮಗೆ ಇನ್ನು ಬರೆಯಕೂಡದು ಎಂದು ಆಜ್ಞೆಯಾಗಿದೆ. ಮೊದಲ ಪತ್ರ ಬರೆದದ್ದೇ ತಪ್ಪು ಎಂದರು. ಈ ಪತ್ರವನ್ನು ನನ್ನ ಕ್ಯಾಬಿನ್ನಿನ ಜೊತೆಗಾರ ಬಂದರಿನ ಹೊರಗಿನ ಅಂಚೆ ಡಬ್ಬಿಗೆ ಹಾಕುತ್ತಾನೆ. ಇದೇ ಕೊನೆಯದು.

ಊಟದ ವಿಷಯದಲ್ಲಿ ನಾನು ಬರೆದದ್ದು ಸುಳ್ಳು. ನೀವು ಕಂಡುಹಿಡಿದದ್ದು ಸರಿ. ಆದರೆ ನಿಮ್ಮ ತಂದೆಯ ಕಡೆ ನಾನು ತಿರುಗಿ ನೋಡಲಿಲ್ಲ ಅಂದಿರಲ್ಲ, ಅದು ಮಾತ್ರ ನಿಜವಲ್ಲ. ಆ ಮಾತನ್ನು ಒಂದು ವಾರದಿಂದ ನುಂಗಲಾಗುತ್ತಿಲ್ಲ.

ಇದಕ್ಕಿಂತ ಮುಂದೆ ಹೋಗಬಾರದು. ಕೆಲವು ವಿಷಯ ತಿಳಿಯದಿದ್ದರೇ ನಿಮಗೆ ಒಳ್ಳೆಯದು. ದಯವಿಟ್ಟು ಇಲ್ಲಿಗೆ ಬಿಡಿ.

ರೊಮುಲೊ ಪಾಲ್ಮಾರೆಸ್


ಲೇಕ್‌ಲ್ಯಾಂಡ್
16 ಮಾರ್ಚ್ 1996

ಶ್ರೀ ಪಾಲ್ಮಾರೆಸ್,

ಬಿಡುವುದಿಲ್ಲ.

ನನ್ನ ಎರಡೂ ಪತ್ರದ ಕೆಳಗೆ ‘ಎಲ್. ಪ್ರೂಯಿಟ್’ ಎಂದಿದೆ. ಕಂಪನಿಗೆ ಬರೆದದ್ದರಲ್ಲೂ ಅಷ್ಟೇ. ಹಡಗಿನ ಕಾಗದಪತ್ರಗಳಲ್ಲಿ ಹತ್ತಿರದ ಬಂಧು ಎಂದು ಇರುವುದು ಡ್ವೇನ್‌ನ ಹೆಸರು. ನೀವು ನನ್ನನ್ನು ‘ಲೆನೋರ್’ ಎಂದು ಕರೆದಿದ್ದೀರಿ. ಈ ಹೆಸರು ನಿಮಗೆ ಎಲ್ಲಿಂದ ಬಂತು?

ನಿಮಗೆ ನನ್ನ ಬಗ್ಗೆ ಏನು ಗೊತ್ತು? ಅವರು ಏನು ಹೇಳಿದರು? ನನ್ನನ್ನು ಬೈದರೇ? ಬೈದಿದ್ದರೆ ಬೈದ ಮಾತನ್ನೇ ಬರೆಯಿರಿ. ನನಗೇನು ಒಳ್ಳೆಯದು ಎಂದು ನೀವು ತೀರ್ಮಾನಿಸುವುದು ಬೇಡ. ನಾಲ್ಕು ವರ್ಷದ ಹಿಂದೆ ನಮ್ಮಪ್ಪನೂ ಇದೇ ಕೆಲಸ ಮಾಡಿದರು. ನಮ್ಮಮ್ಮ ಆಸ್ಪತ್ರೆಯಲ್ಲಿ ಮೂರು ವಾರ ಸಾಯುತ್ತಾ ಮಲಗಿದ್ದಾಗ ನನಗೆ ಫೋನಿನಲ್ಲಿ, ‘ಸ್ವಲ್ಪ ಸುಸ್ತು ಕಣೇ, ಬರೋದೇನೂ ಬೇಡ’ ಎಂದರು. ನಾನು ಬಂದದ್ದು ಮಣ್ಣಿಗೆ.

ನೀವು ಬರೆಯದಿದ್ದರೆ ಕೋರ್ಟಿನಲ್ಲಿ ಕೇಳುತ್ತೇನೆ. ಡ್ವೇನ್ ಅದಕ್ಕೇ ಕಾಯುತ್ತಿದ್ದಾನೆ.

ಲೆನೋರ್ ಪ್ರೂಯಿಟ್


ಸ್ಟೆಲ್ಲಾ ಕಾರ್ಮೆನ್
6 ಏಪ್ರಿಲ್ 1996

ಮಿಸ್ ಲೆನೋರ್,

ನಾಳೆ ಈಸ್ಟರ್. ಬುಧವಾರ ನನ್ನ ವಿಚಾರಣೆ ಇದೆ. ಅದಕ್ಕೆ ಮೊದಲು ನಿಮಗೆ ಇರುವುದನ್ನು ಇರುವ ಹಾಗೆ ಬರೆದುಬಿಡೋಣ ಎಂದು ಕೂತಿದ್ದೇನೆ.

ನಿಮ್ಮ ತಂದೆ ಹನ್ನೆರಡೂವರೆಗೆ ಸರಿಯಾಗಿ ಬಂದರು. ಹತ್ತಿದ ದಿನ ಎಲ್ಲರೂ ಚಡ್ಡಿ, ಹೂವಿನ ಅಂಗಿ. ಅವರು ಕಂದು ಸೂಟು ಹಾಕಿ ಟೈ ಕಟ್ಟಿದ್ದರು. ‘ಎಷ್ಟು ಜನ, ಸರ್?’ ಎಂದೆ. ‘ಇಬ್ಬರು. ಮಗಳು ದಾರೀಲಿದ್ದಾಳೆ. ಬಾಗಿಲು ಕಾಣೋ ಹಾಗೆ ಕೂರಿಸಪ್ಪ’ ಎಂದರು. ಹದಿನಾಲ್ಕನೆಯ ಮೇಜು ಮೂಲೆಯಲ್ಲಿಲ್ಲ, ಮೇಡಂ. ಬಾಗಿಲಿಗೆ ಎದುರಾಗಿದೆ.

ಬ್ರೆಡ್ಡು ತಂದೆ, ಮುಟ್ಟಲಿಲ್ಲ. ‘ಅವಳು ಬರಲಿ’ ಎಂದರು. ಒಂದು ಗಂಟೆಗೆ ತಣ್ಣಗಾದ ಬ್ರೆಡ್ಡು ತೆಗೆದು ಬಿಸಿಯದು ಇಟ್ಟೆ. ಒಂದೂ ಕಾಲಿಗೆ ಮತ್ತೆ. ಅವರ ಕೈ ನಡುಗಿದ್ದನ್ನು ನಾನೂ ನೋಡಿದೆ. ಕೇಳದೆಯೇ ಕಿತ್ತಳೆ ರಸ ತಂದು ಎದುರಿಗೆ ನಿಂತೆ, ಪೂರ್ತಿ ಕುಡಿಸಿದೆ. ಕೈ ಹಿಡಿತಕ್ಕೆ ಬಂತು. ಆಗ ನಕ್ಕು ಮಾತಿಗೆ ಶುರು ಮಾಡಿದರು.

‘ಸೇತುವೆ ಎತ್ತೋ ಕೆಲಸದಲ್ಲಿ ಹಾರ್ನ್ ಯಾವಾಗ ಹೊಡೀತಾರೋ ಹೇಳಕ್ಕಾಗಲ್ಲ ಕಣಪ್ಪ ರೊಮುಲೊ. ಮಧ್ಯಾಹ್ನದ ಊಟ ನಿಂತೇ. ಕೊನೆಗೆ ಭಾನುವಾರ ಮನೇಲೂ ನಿಂತೇ ತಿನ್ನೋ ಹಾಗಾಯ್ತು. ಮಗಳು ಬೈಯೋಳು, ಅಪ್ಪಾ, ನೀನು ಕೂತ್ಕೊಂಡ್ರೆ ಯಾವ ಹಡಗೂ ಮುಳುಗಲ್ಲ ಅಂತ. ಇವತ್ತು ಅವಳ ಎದುರಿಗೆ ಕೂತು ತಿಂದು ತೋರಿಸ್ತೀನಿ.’

ನಿಮ್ಮನ್ನು ಒಂದು ಮಾತೂ ಬೈಯಲಿಲ್ಲ. ನಿಮ್ಮ ತಾಯಿಯ ವಿಷಯ ಒಂದೇ ಸಲ ಬಂತು. ‘ಅವಳು ಆಣೆ ಹಾಕಿಸಿದ್ಲು, ಮಗಳಿಗೆ ಹೇಳಬೇಡ ಅಂತ. ಹೇಳಲಿಲ್ಲ. ತಪ್ಪು ಮಾಡಿದೆ’ ಎಂದು ಬಾಗಿಲ ಕಡೆಗೇ ನೋಡುತ್ತಿದ್ದರು.

ಒಂದೂವರೆಗೆ ಹಾಲ್ ಮುಚ್ಚಬೇಕು. ಹೆಡ್ ವೇಟರ್ ಸ್ಪಿರೋಸ್ ಬಂದು ನನ್ನನ್ನು ಕಂಬದ ಹಿಂದಕ್ಕೆ ಎಳೆದ. ‘ಇನ್ನೂ ಆ ಮುದುಕನ್ನ ಇಟ್ಕೊಂಡು ಏನ್ ಮಾಡ್ತಿದ್ದೀಯ? ನಿನ್ನ ಮಾವನೇನೋ?’

‘ಮಗಳು ಬರ್ತಾಳಂತೆ, ಸರ್.’

‘ಬರೋ ಹಾಗಿದ್ರೆ ಬಂದಿರೋಳು. ಮೇಲೆ ಕಳಿಸು, ಅಲ್ಲಿ ತಟ್ಟೆ ಇದೆ, ಚಮಚ ಇದೆ. ಇಪ್ಪತ್ತು ನಿಮಿಷದಲ್ಲಿ ಮೇಜುಬಟ್ಟೆ ಎತ್ತಿರಬೇಕು.’

ನಾನು ಎತ್ತಲಿಲ್ಲ. ಒಂದೂ ಮುಕ್ಕಾಲರ ಹೊತ್ತಿಗೆ ನಿಮ್ಮ ತಂದೆ, ‘ಒಂದು ಸಲ ಹೊರಗೆ ಹೋಗಿ ನೋಡ್ತೀಯಾ? ನಾನು ಇಳಿದ್ರೆ ವಾಪಸ್ ಬಿಡ್ತಾರೋ ಇಲ್ವೋ’ ಎಂದರು. ಊಟದ ಪಟ್ಟಿಯ ಹಿಂಬದಿಯಲ್ಲಿ ತಮ್ಮ ಪೆನ್ನಿನಿಂದಲೇ ದಪ್ಪಕ್ಷರದಲ್ಲಿ ನಿಮ್ಮ ಹೆಸರು ಬರೆದುಕೊಟ್ಟರು. ಕೆಲಸದ ಹೊತ್ತಿನಲ್ಲಿ ಅಪ್ಪಣೆಯಿಲ್ಲದೆ ಹಡಗಿಳಿಯುವುದು ನಮ್ಮಲ್ಲಿ ದೊಡ್ಡ ಅಪರಾಧ. ಆದರೂ ಇಳಿದೆ. ನನಗೂ ಹದಿನೇಳು ವರ್ಷದ ಮಗಳಿದ್ದಾಳೆ, ಮೇಡಂ. ಬಂದರಿನಿಂದ ಮನೆಗೆ ಫೋನ್ ಮಾಡಿದಾಗ, ಅಮ್ಮನ ಪಕ್ಕದಲ್ಲೇ ನಿಂತಿದ್ದರೂ ಅವಳು ಫೋನ್ ಕೈಗೆ ತೆಗೆದುಕೊಳ್ಳುವುದಿಲ್ಲ. ಅವಳ ಉಸಿರು ನನಗೆ ಕೇಳಿಸುತ್ತದೆ.

ಬಂದರಿನ ಕಟ್ಟಡದ ಹೊರಬಾಗಿಲಿಗೆ ಬಂದು, ಟ್ಯಾಕ್ಸಿಗಳ ಎದುರಿಗೆ, ನಿಮ್ಮ ಹೆಸರಿನ ಕಾರ್ಡು ಎತ್ತಿ ಹಿಡಿದು ಐದು ನಿಮಿಷ ನಿಂತೆ. ಯಾರೂ ಬರಲಿಲ್ಲ. ವಾಪಸ್ ಹೋದೆ. ಸೂಪು ತರಲು ಹೇಳಿದರು. ನಾನು ಅಡುಗೆಮನೆಯಿಂದ ಬರುವಷ್ಟರಲ್ಲಿ ಮೇಜಿನ ಮೇಲೆ ತಲೆ ಇಟ್ಟಿದ್ದರು. ನಿದ್ದೆ ಬಂತೇನೋ ಎಂದುಕೊಂಡೆ.

ನಿಮ್ಮ ದೂರು ಬಂದ ಮೇಲೆ ಕಂಪನಿಯವರು ಬಾಗಿಲ ಕಾವಲಿನ ಪುಸ್ತಕ ತೆಗೆದು ನೋಡಿದರು. ನಾನು ಇಳಿದದ್ದು, ಹತ್ತಿದ್ದು ಎರಡೂ ಅದರಲ್ಲಿದೆ. ಏಕೆ ಹೋಗಿದ್ದೆ ಎಂದು ಕೇಳಿದರೆ ಸ್ಪಿರೋಸ್ ತನಗೆ ಗೊತ್ತಿಲ್ಲ ಎಂದ. ನನ್ನ ಮಾತಿಗೆ ಸಾಕ್ಷಿಯಾಗಿದ್ದವರು ತೀರಿಕೊಂಡಿದ್ದಾರೆ.

ಅವರು ನಿಮಗಾಗಿ ಕಾದು ಹಸಿದು ಕೂತಿದ್ದರು ಎಂದು ನಿಮಗೆ ಹೇಗೆ ಬರೆಯಲಿ? ಅದಕ್ಕೇ ಕೋಳಿ, ಕೇಕು ಎಂದು ಬರೆದೆ. ನಿಮ್ಮಿಂದ ಏನನ್ನೂ ಬೇಡುತ್ತಿಲ್ಲ.

ರೊಮುಲೊ


ಲೇಕ್‌ಲ್ಯಾಂಡ್
20 ಏಪ್ರಿಲ್ 1996

ರೊಮುಲೊ ಅವರೇ,

ನಿಮ್ಮ ಪತ್ರ ಬಂದು ಹತ್ತು ದಿನವಾಯಿತು. ಬುಧವಾರದ ವಿಚಾರಣೆಯ ದಿನವೇ ಕೈಗೆ ಸಿಕ್ಕಿತು. ಅಂದೇ ನಿಮ್ಮ ಕಂಪನಿಗೆ ಫೋನ್ ಮಾಡಬಹುದಿತ್ತು. ಮಾಡಲಿಲ್ಲ. ಪತ್ರವನ್ನು ಲ್ಯಾಬಿನಲ್ಲಿ ಹಲ್ಲಿನ ಅಚ್ಚುಗಳನ್ನಿಡುವ ಡ್ರಾಯರಿನೊಳಗೆ ಇಟ್ಟು ಬೀಗ ಹಾಕಿದೆ. ಏಕೆಂದರೆ ಉತ್ತರ ಬರೆದರೆ ಇದನ್ನು ಬರೆಯಬೇಕಾಗಿತ್ತು:

ನಾನು ನಿಮ್ಮನ್ನು ನೋಡಿದ್ದೇನೆ.

ಕೆಲಸದ ಒತ್ತಡ ಅಂದದ್ದು ಸುಳ್ಳು. ಅಪ್ಪ ಕ್ರಿಸ್ಮಸ್ಸಿಗೆ ಟಿಕೆಟ್ ಕಳಿಸಿದ್ದರು. ನಾಲ್ಕು ವರ್ಷದಲ್ಲಿ ಬಂದ ಮೊದಲ ಕಾಗದ. ಅದರೊಳಗೆ ನಾಲ್ಕೇ ಸಾಲು. ‘ಹನ್ನೆರಡೂವರೆಗೆ ಊಟದ ಹಾಲ್‌ನಲ್ಲಿರ್ತೀನಿ. ಮೇಲೆ ಹೋಗಬೇಡ, ಅಲ್ಲಿ ಸಾಲು. ಕೂತು ಊಟ ಮಾಡೋಣ. ಆಮೇಲೆ ಇಳಿದು ಹೋಗ್ತೀನಿ ಅಂದ್ರೂ ಸರಿ.’ ನಾನು ಬೆಳಿಗ್ಗೆ ಏಳಕ್ಕೇ ಹೊರಟೆ. ಹನ್ನೆರಡು ಗಂಟೆಗೆ ನಿಮ್ಮ ಕಟ್ಟಡದ ಎದುರಿಗೆ, ಕಾರು ನಿಲ್ಲಿಸುವ ಜಾಗದ ಮೊದಲ ಸಾಲಿನಲ್ಲಿದ್ದೆ. ಅಲ್ಲಿಂದ ಹಡಗಿನ ಹೊಗೆಗೊಳವೆ ಕಾಣುತ್ತಿತ್ತು. ಇಂಜಿನ್ ಆರಿಸಿ ಕೂತೆ. ಅಷ್ಟೇ. ಇಳಿಯಲಿಲ್ಲ.

ಏನು ಹೇಳಬೇಕು ಎಂದು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದೆ. ಅಮ್ಮನ ಮೂರು ವಾರದ ಲೆಕ್ಕ ಕೇಳಬೇಕು, ಕೇಳಿ ಎದ್ದು ಬರಬೇಕು. ಬಿಳಿ ಬಟ್ಟೆಯ ಮೇಜಿನ ಎದುರಿಗೆ ಟೈ ಕಟ್ಟಿಕೊಂಡು ಕೂತಿರುತ್ತಾರೆ ಎಂದೂ ಗೊತ್ತಿತ್ತು. ಅದೇ ಕಷ್ಟವಾಗಿದ್ದು.

ಆಮೇಲೆ ಕೆಂಪು ವೇಸ್ಟ್‌ಕೋಟಿನ ಗಿಡ್ಡ ಮನುಷ್ಯ ಬಾಗಿಲಿಗೆ ಬಂದ. ಬಿಸಿಲಿಗೆ ಕಣ್ಣು ಕಿರಿದು ಮಾಡಿ, ಕಾರ್ಡೊಂದನ್ನು ಎತ್ತಿ ಹಿಡಿದ. ಅಪ್ಪನ ಅಕ್ಷರ ನನಗೆ ಆ ದೂರದಿಂದಲೂ ಗೊತ್ತಾಯಿತು. ನನ್ನ ಹೆಸರು ಓದಿದೆ, ರೊಮುಲೊ. ಓದಿ, ಏನೋ ಬೀಳಿಸಿಕೊಂಡವಳ ಹಾಗೆ ಸೀಟಿನ ಕೆಳಕ್ಕೆ ಬಗ್ಗಿದೆ. ನೀವು ಒಳಗೆ ಹೋಗುವ ತನಕ ಬಗ್ಗಿಯೇ ಇದ್ದೆ.

ನೀವು ಹೋದ ಎರಡು ಮೂರು ನಿಮಿಷಕ್ಕೆ ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಇಳಿದು ರಸ್ತೆ ದಾಟಿ ಬಾಗಿಲ ತನಕ ಬಂದೆ. ‘ಟಿಕೆಟ್, ಮೇಡಂ’ ಎಂದ ಕಾವಲಿನವನು. ಅದು ಕಾರಿನಲ್ಲಿತ್ತು. ಓಡಿ ಹೋಗಿ, ಕಾರನ್ನೆಲ್ಲ ಹುಡುಕಿ ತಂದೆ. ಬರುವಷ್ಟರಲ್ಲಿ ಆಂಬುಲೆನ್ಸ್ ಬಂತು. ಪೊಲೀಸಿನವನು ಎಲ್ಲರನ್ನೂ ಪಕ್ಕಕ್ಕೆ ಸರಿಸಿದ. ನಾನೂ ಸರಿದೆ. ಟಿಕೆಟ್ ಕೈಯಲ್ಲಿ ಹಿಡಿದು ನಮ್ಮಪ್ಪನ ಆಂಬುಲೆನ್ಸಿಗೆ ದಾರಿ ಬಿಟ್ಟು ನಿಂತೆ. ಅರ್ಧ ಗಂಟೆ ಯಾರನ್ನೂ ಒಳಗೆ ಬಿಡಲಿಲ್ಲ. ಯಾರೋ ಪಾಪ ಹೋದರೇನೋ, ಇವತ್ತು ದಿನ ಚೆನ್ನಾಗಿಲ್ಲ ಎಂದು ಅದನ್ನೇ ನೆಪ ಮಾಡಿಕೊಂಡು ಮನೆಗೆ ಹೊರಟುಬಿಟ್ಟೆ. ಬಾಗಿಲು ತೆಗೆಯುವಾಗ ಫೋನ್ ಹೊಡೆದುಕೊಳ್ಳುತ್ತಿತ್ತು.

ಇದನ್ನೇ ನಿಮ್ಮ ಕಂಪನಿಗೂ ಬರೆದು ಸಹಿ ಹಾಕಿ ಇಂದು ಕಳಿಸಿದ್ದೇನೆ. ನೀವು ಯಾಕೆ ಇಳಿದಿರಿ ಎಂಬುದಕ್ಕೆ ಸಾಕ್ಷಿ ನಾನೇ. ನನ್ನ ದೂರು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಡ್ವೇನ್‌ಗೂ ಓದಿ ಹೇಳಿದೆ. ‘ಎದುರಿಗೇ ಇದ್ದೆಯಾ? ಇಳೀಲಿಲ್ವಾ?’ ಎಂದು ಎರಡು ಸಲ ಕೇಳಿ ಫೋನ್ ಇಟ್ಟ. ಆಮೇಲೆ ಎತ್ತಿಲ್ಲ.

ಒಂದೇ ಒಂದು ಪ್ರಶ್ನೆ ಉಳಿದಿದೆ. ಒಂದೂವರೆ ಗಂಟೆ ಬ್ರೆಡ್ಡು ಮುಟ್ಟದವರು ಕೊನೆಗೆ ಸೂಪು ತರಲು ಹೇಳಿದರು ಅಂತ ಬರೆದಿದ್ದೀರಿ. ಅಂದರೆ, ನೀವು ಬರಿಗೈಲಿ ವಾಪಸ್ ಬಂದದ್ದನ್ನು ನೋಡಿ ನನ್ನ ಆಸೆ ಬಿಟ್ಟರು ಅಂತ ತಾನೇ? ಇವಳು ಬರುವವಳಲ್ಲ, ಊಟವಾದರೂ ಮಾಡೋಣ ಅಂತ? ಹೌದು ಎಂದರೆ ಹೌದು ಎಂದೇ ಬರೆಯಿರಿ.

ಲೆನೋರ್


ಲೇಕ್‌ಲ್ಯಾಂಡ್
25 ಮೇ 1996

ರೊಮುಲೊ ಅವರೇ,

ನಿಮ್ಮಿಂದ ಉತ್ತರವಿಲ್ಲ. ಐದು ವಾರ ಕಾದು ಏಜೆಂಟರ ಕಚೇರಿಗೆ ಫೋನ್ ಮಾಡಿದೆ. ‘ಪಾಲ್ಮಾರೆಸ್ ಈಗ ಹಡಗಿನಲ್ಲಿಲ್ಲ, ಏಪ್ರಿಲ್ 13ಕ್ಕೆ ಇಳಿಸಿ ಊರಿಗೆ ಕಳಿಸಿದ್ದಾರೆ’ ಎಂದರು. ನಾನು ಸಹಿ ಹಾಕಿದ್ದು ಇಪ್ಪತ್ತಕ್ಕೆ.

ನಿಮ್ಮ ಪತ್ರ ಸಿಕ್ಕ ದಿನವೇ ಬರೆದಿದ್ದರೆ ನೀವು ಉಳಿಯುತ್ತಿದ್ದಿರಿ. ಬಂದರಿನಲ್ಲಿ ಮಾಡಿದ್ದನ್ನೇ ಮತ್ತೊಂದು ಸಲ ಮಾಡಿದೆ.

ಈ ಪತ್ರ ಎಲ್ಲಿಗೆ ಹೋಗುತ್ತದೋ ಗೊತ್ತಿಲ್ಲ. ನಿಮ್ಮ ಕ್ಯಾಬಿನ್ನಿನ ಜೊತೆಗಾರನಿಗೆ ಎಂದು ಬರೆದು ಹಡಗಿಗೇ ಹಾಕುತ್ತಿದ್ದೇನೆ. ನನ್ನ ಪ್ರಶ್ನೆಗೆ ಉತ್ತರ ಬೇಡ. ಅದನ್ನು ಕೇಳುವ ಮುಖ ನನಗಿಲ್ಲ. ನಿಮ್ಮ ಮನೆಯಲ್ಲಿ ಎಲ್ಲರೂ ಹೇಗಿದ್ದಾರೆ, ಅದಷ್ಟು ತಿಳಿಸಿ.

ಲೆನೋರ್


ಗಿಂಬಾಲ್, ಇಲೋಯಿಲೋ
30 ಜೂನ್ 1996

ಪ್ರೀತಿಯ ಮಿಸ್ ಲೆನೋರ್,

ನಿಮ್ಮ ಎರಡೂ ಪತ್ರಗಳು ಒಂದೇ ಲಕೋಟೆಯಲ್ಲಿ ಈ ವಾರ ಬಂದವು. ನನ್ನ ಜೊತೆಗಾರ ಅವನ್ನು ಊರಿಗೆ ರಜೆಯ ಮೇಲೆ ಬರುವವನೊಬ್ಬನ ಕೈಗೆ ಕೊಟ್ಟಿದ್ದ. ಆ ಮಹಾರಾಯ ಮೊದಲು ತನ್ನ ಮನೆಗೆ ಹೋಗಿ, ಹಬ್ಬ ಮುಗಿಸಿ, ಆಮೇಲೆ ನನ್ನ ನೆನಪು ಮಾಡಿಕೊಂಡ.

ಅವುಗಳಿಗಿಂತ ಮೊದಲು ಕಂಪನಿಯ ಮನಿಲಾದ ಕಚೇರಿಯಿಂದ ತಂತಿ ಬಂದಿತ್ತು. ಆಗಸ್ಟ್ ಹದಿನೆಂಟಕ್ಕೆ ವ್ಯಾಂಕೂವರಿನಲ್ಲಿ ಬೇರೆ ಹಡಗು ಸೇರಬೇಕಂತೆ. ಹುದ್ದೆ ಒಂದು ಮೆಟ್ಟಿಲು ಕೆಳಗೆ. ಹಳೆಯ ಜಾಗ ಸಿಗಲಿಲ್ಲ, ಸ್ಪಿರೋಸ್ ಬಿಡಲಿಲ್ಲ. ಯಾಕೆ ಮತ್ತೆ ಕರೆದರು ಎಂದು ನನಗೂ ಹೆಂಡತಿ ಲಿಗಾಯಾಗೂ ತಲೆಬುಡ ತಿಳಿಯಲಿಲ್ಲ. ನಿಮ್ಮ ಪತ್ರ ಓದಿದ ಮೇಲೆ ತಿಳಿಯಿತು. ಹತ್ತು ದಿನ ತಡವಾಯಿತು ಎಂದು ಕೊರಗಬೇಡಿ. ಆ ಕಾಗದ ಬರೆಯುವುದು ಸುಲಭವಿರಲಿಲ್ಲ ಎಂದು ಬಲ್ಲೆ.

ಮನೆಯಲ್ಲಿ ಎಲ್ಲರೂ ಕ್ಷೇಮ. ಮಗಳು ಅನಲಿನ್ ಮೊದಲ ಎರಡು ವಾರ ನಾನು ಊಟಕ್ಕೆ ಕೂತರೆ ಅಂಗಳಕ್ಕೆ ಹೋಗುತ್ತಿದ್ದಳು. ಒಂದು ದಿನ, ‘ಕೆಲಸ ಯಾಕೆ ಹೋಯ್ತು? ಎಲ್ಲರೂ ಕದ್ದೆ ಅಂತಾರೆ’ ಎಂದು ನೇರವಾಗಿ ಕೇಳಿದಳು. ನಿಮ್ಮ ತಂದೆಯ ವಿಷಯ ಹೇಳಿದೆ. ಆಮೇಲೆ ತಟ್ಟೆ ತಂದು ಕೂತಳು. ಮಾತು ಈಗಲೂ ಕಡಿಮೆಯೇ.

ಈಗ ನಿಮ್ಮ ಪ್ರಶ್ನೆ. ಉತ್ತರ ಬೇಡ ಅಂದಿದ್ದೀರಿ. ಆದರೆ ನನಗೆ ಹೇಳುವುದಿದೆ. ಈಸ್ಟರಿನ ಹಿಂದಿನ ದಿನ ಬರೆದ ಪತ್ರದಲ್ಲೂ ನಾನು ಒಂದು ವಿಷಯ ಮುಚ್ಚಿಟ್ಟಿದ್ದೆ.

ಕಾರ್ಡು ಕೊಡುವಾಗ ನಿಮ್ಮ ತಂದೆ ನನ್ನ ತೋಳು ಹಿಡಿದು, ‘ಬಾಗಿಲಲ್ಲಿ ಹುಡುಕಬೇಡ. ಕಾರುಗಳ ಕಡೆ ನೋಡು. ಅವಳು ಕಾರಲ್ಲಿ ಕೂತಿರ್ತಾಳೆ’ ಎಂದಿದ್ದರು. ನಾನು ನೋಡಿದೆ, ಮೇಡಂ. ಮೊದಲ ಸಾಲಿನ ಹಸಿರು ಕಾರಿನಲ್ಲಿ ಒಬ್ಬ ಹೆಂಗಸು ಬಗ್ಗಿದಳು. ಅದು ನೀವು ಎಂದು ನನಗೆ ಹೇಗೆ ಗೊತ್ತಾಗಬೇಕು? ಹೋಗಿ ಗಾಜು ತಟ್ಟಲು ಧೈರ್ಯ ಬರಲಿಲ್ಲ. ಸ್ಪಿರೋಸ್‌ನ ಭಯ, ಹೊತ್ತಾಗುತ್ತಿತ್ತು. ವಾಪಸ್ ಓಡಿದೆ.

ಒಳಗೆ ಹೋದರೆ ಅವರು ಮೇಜು ಹಿಡಿದುಕೊಂಡು ಅರ್ಧ ಎದ್ದು ನಿಂತಿದ್ದರು. ಆ ಮುಖ ನೋಡಿ ಇಲ್ಲ ಅನ್ನಲು ನನ್ನಿಂದ ಆಗಲಿಲ್ಲ. ‘ಬಂದಿದ್ದಾರೆ ಸರ್. ಕಾರಲ್ಲೇ ಕೂತಿದ್ರು. ಈಗ ಬರ್ತಿದ್ದಾರೆ’ ಎಂದುಬಿಟ್ಟೆ.

ಅವರು ದೊಪ್ಪನೆ ಕೂತು ನಗತೊಡಗಿದರು. ‘ನಾನು ಹೇಳಲಿಲ್ವಾ? ಶಾಲೆಗೆ ಸೇರಿಸಿದ ದಿನ ಮುಕ್ಕಾಲು ಗಂಟೆ ಟ್ರಕ್ಕಿಂದ ಇಳೀಲಿಲ್ಲ. ಮದುವೆ ದಿನ ಚರ್ಚಿನ ಮುಂದೇನೂ ಹಂಗೇ, ಪಾದ್ರಿ ಎರಡು ಸಲ ಹೊರಗೆ ಬಂದು ನೋಡ್ದ. ಬಂದ ಮೇಲೆ ಒಂದು ಸಲವೂ ವಾಪಸ್ ಹೋಗಿಲ್ಲ ಅವಳು. ಇಳೀತಾಳೆ. ಸೂಪು ತಗೊಂಡು ಬಾರಪ್ಪ, ಇಬ್ಬರಿಗೂ. ಅವಳಿಗೆ ಕೊಂಚ ಆರಿದ್ದೇ ಇಷ್ಟ.’

ಆಸೆ ಬಿಟ್ಟು ಹೇಳಿದ ಸೂಪಲ್ಲ ಅದು.

ಇದನ್ನು ಆಗ ನಿಮಗೆ ಬರೆಯಲಿಲ್ಲ. ನೀವು ಬಂದೇ ಇರಲಿಲ್ಲ ಎಂದು ನಂಬಿದ್ದೆ. ಸಾಯುವ ಮನುಷ್ಯನಿಗೆ ಸುಳ್ಳು ಹೇಳಿ ನಗಿಸಿದೆ, ಆ ಸುಳ್ಳಿನ ಸಂತೋಷಕ್ಕೇ ಅವರ ಎದೆ ನಿಂತಿತೇನೋ ಎಂದು ಐದು ತಿಂಗಳು ಒಳಗೊಳಗೇ ಬೆಂದೆ. ನಮ್ಮ ಚರ್ಚಿನ ಪಾದ್ರಿಯ ಎದುರು ಮಂಡಿಯೂರಿ ಹೇಳಿಕೊಂಡೆ. ಅವರು ಕ್ಷಮಿಸಿದರು, ನನಗೆ ಸಮಾಧಾನವಾಗಲಿಲ್ಲ.

ಮೊನ್ನೆ ನಿಮ್ಮ ಪತ್ರವನ್ನು ಮನೆಯ ಹೊಸ್ತಿಲಲ್ಲಿ ಕೂತು ಓದಿದೆ. ಕಾವಲಿನವನು ಟಿಕೆಟ್ ಕೇಳಿದ ಎಂಬಲ್ಲಿಗೆ ಬಂದಾಗ ಮುಂದೆ ಓದಲಾಗದೆ ಎದ್ದು ಅಂಗಳದಲ್ಲಿ ನಡೆದಾಡಿದೆ. ಅನಲಿನ್ ಬಂದು, ‘ಏನಾಯ್ತಪ್ಪ?’ ಎಂದಳು. ನೀವು ರಸ್ತೆ ದಾಟಿದ ಹೊತ್ತು, ಟಿಕೆಟ್ಟಿಗೆಂದು ಓಡಿದ ಹೊತ್ತು, ನಾನು ಅಡುಗೆಮನೆಯಲ್ಲಿ ನಿಂತು ಎರಡು ಬಟ್ಟಲಿಗೆ ಸೂಪು ಹಾಕಿಸುತ್ತಿದ್ದೆ. ಅವರು ಬಾಗಿಲ ಕಡೆ ನೋಡುತ್ತಾ ಕೂತಿದ್ದರು.

ನಾನು ಅವರಿಗೆ ಹೇಳಿದ್ದು ಸುಳ್ಳಲ್ಲ, ಮಿಸ್ ಲೆನೋರ್. ನೀವು ಬರುತ್ತಿದ್ದಿರಿ.

ನಿಮ್ಮ
ರೊಮುಲೊ